ಮಂಜಿನ ಬೆನ್ನು ಹತ್ತಿದ ಗಾಳಿಪಟ

ಮಲೆನಾಡಿನ ಚಳಿಗಾಲದ ಕಾವಳ ಕಂಡವರಿಗೆ ಗೊತ್ತು: ಬಿಸಿಲೇರಿದರೆ ಅದು ಕರಗುತ್ತದೆ, ಗಾಳಿ ಎದ್ದರೆ ಚದುರುತ್ತದೆ. ಕೆನಡಾದ ಪೂರ್ವ ತುದಿಯಲ್ಲಿರುವ ನ್ಯೂಫೌಂಡ್‌ಲ್ಯಾಂಡ್‌ನ ಮಂಜು ಎರಡಕ್ಕೂ ಜಗ್ಗುವುದಿಲ್ಲ. ಅಲ್ಲಿ ಅದರ ಹಂಗಾಮು ಚಳಿಗಾಲವಲ್ಲ, ಬೇಸಿಗೆ. ಜೂನ್, ಜುಲೈನಲ್ಲಿ ತೆಂಕಣ ಗಾಳಿ ಜೋರಾಗಿ ಬೀಸುತ್ತಿರುವಾಗಲೇ ಮಂಜೂ ಬರುತ್ತದೆ, ಬಂದರೆ ದಿನಗಟ್ಟಲೆ ಏಳುವುದಿಲ್ಲ. ಆ ಕರಾವಳಿಯ ಅರ್ಜೆಂಷಿಯಾ ಎಂಬ ಊರಿನಲ್ಲಿ ವರ್ಷಕ್ಕೆ 200ಕ್ಕೂ ಹೆಚ್ಚು ಮಂಜಿನ ದಿನಗಳು. ಅದರಾಚೆಯ ಗ್ರ್ಯಾಂಡ್ ಬ್ಯಾಂಕ್ಸ್ ಎಂಬ ಆಳವಿಲ್ಲದ ಕಡಲಿನಲ್ಲಿ ಶತಮಾನಗಳಿಂದ ಕಾಡ್ ಮೀನು ಹಿಡಿದವರು ಈ ಮಂಜಿನೊಳಗೇ ಬದುಕು ಸಾಗಿಸಿದರು, ಸಾಯುವವರು ಅದರೊಳಗೇ ಸತ್ತರು.

ಇದು ಏಕೆ ಹೀಗೆ ಎಂದು ಕೇಳಿದರೆ ಇಪ್ಪತ್ತನೇ ಶತಮಾನದ ಆರಂಭದವರೆಗೂ ಒಂದು ಸಿದ್ಧ ಉತ್ತರವಿತ್ತು. ಉತ್ತರದಿಂದ ಲ್ಯಾಬ್ರಡಾರ್ ಪ್ರವಾಹ ತಣ್ಣೀರನ್ನು ತರುತ್ತದೆ, ಜೊತೆಗೆ ಹಿಮಗಡ್ಡೆಗಳನ್ನೂ. ದಕ್ಷಿಣದಿಂದ ಗಲ್ಫ್ ಸ್ಟ್ರೀಮ್ ಬೆಚ್ಚನೆ ನೀರನ್ನು ತರುತ್ತದೆ. ಎರಡೂ ಎದುರಾಗುವಲ್ಲಿ ಬಿಸಿ ಗಾಳಿಯೂ ತಣ್ಣನೆ ಗಾಳಿಯೂ ಬೆರೆತು ಮಂಜಾಗುತ್ತದೆ. ಈ ಬೆರಕೆಯ ವಾದಕ್ಕೆ ದೊಡ್ಡವರ ಬೆಂಬಲವೂ ಇತ್ತು: ಭೂವಿಜ್ಞಾನದ ಪಿತಾಮಹ ಎನಿಸಿಕೊಂಡ ಜೇಮ್ಸ್ ಹಟನ್ 1784ರಲ್ಲೇ ಮಳೆಯ ಹುಟ್ಟನ್ನು ಹೀಗೆ ವಿವರಿಸಿದ್ದ. ಕೇಳಲು ಚೆಂದವಾಗಿದ್ದದ್ದರಿಂದ ಮೇಲೆ ಹೋಗಿ ನೋಡುವ ತೊಂದರೆಯನ್ನು ಯಾರೂ ತೆಗೆದುಕೊಂಡಿರಲಿಲ್ಲ.

ಆ ಅವಕಾಶ ಬಂದದ್ದು ಟೈಟಾನಿಕ್ ಮುಳುಗಿದ್ದರಿಂದ. 1912ರ ಏಪ್ರಿಲ್ 14ರ ಆ ರಾತ್ರಿ ಮಂಜು ಇರಲೇ ಇಲ್ಲ. ನಕ್ಷತ್ರಗಳು ಕಾಣುತ್ತಿದ್ದವು, ಕಡಲು ಅಲೆಯಿಲ್ಲದೆ ಮಲಗಿತ್ತು. ನಿಚ್ಚಳ ರಾತ್ರಿಯಲ್ಲೇ ಹೀಗಾದರೆ ಮಂಜಿನಲ್ಲಿ ಏನು ಗತಿ ಎಂಬ ಚಿಂತೆ ಮಾತ್ರ ಸಹಜ. ಸಾವಿರದೈನೂರಕ್ಕೂ ಹೆಚ್ಚು ಜನ ಸತ್ತ ಮೇಲೆ, ಮರುವರ್ಷ ಬ್ರಿಟಿಷ್ ಸರ್ಕಾರವೂ ಹಡಗು ಕಂಪನಿಗಳೂ ಸೇರಿ ಉತ್ತರ ಅಟ್ಲಾಂಟಿಕ್‌ನಲ್ಲಿ ಹಿಮಗಡ್ಡೆ ಕಾಯಲು ಒಂದು ಹಡಗನ್ನು ಕಳಿಸಿದವು. ಹೆಸರು ಸ್ಕೋಷಿಯಾ. ತಿಮಿಂಗಿಲ ಬೇಟೆಗೆ ಕಟ್ಟಿದ ಮರದ ಹಡಗು. ಹತ್ತು ವರ್ಷ ಹಿಂದೆ ಸ್ಕಾಟ್ಲೆಂಡಿನ ತಂಡವೊಂದನ್ನು ಅಂಟಾರ್ಕ್ಟಿಕಕ್ಕೆ ಹೊತ್ತೊಯ್ದಿತ್ತು. ಹಿಮ ಕಂಡರೆ ಸುತ್ತಲಿನ ಹಡಗುಗಳಿಗೆ ವೈರ್‌ಲೆಸ್‌ನಲ್ಲಿ ತಿಳಿಸುವುದು ಅದರ ಕೆಲಸ. ಹೇಗೂ ಹೋಗುತ್ತಿದೆ, ಹವಾಮಾನ ನೋಡಲು ಒಬ್ಬ ಇರಲಿ ಎಂದು ಕೇಂಬ್ರಿಡ್ಜ್‌ನ ಜೆಫ್ರಿ ಇಂಗ್ರಮ್ ಟೇಲರ್‌ನನ್ನು ಹತ್ತಿಸಿಕೊಂಡರು. ವಯಸ್ಸು 27. ತರ್ಕವನ್ನೇ ಬೀಜಗಣಿತ ಮಾಡಿದ ಜಾರ್ಜ್ ಬೂಲ್‌ನ ಮೊಮ್ಮಗ. ಗಣಿತದಲ್ಲಿ ಗಟ್ಟಿಗ, ಜೊತೆಗೆ ಹಾಯಿದೋಣಿಯ ಹುಚ್ಚಿನವ. ಕಡಲಿಗೆ ಹೆದರದ ಗಣಿತಜ್ಞ ಆ ಕಾಲದಲ್ಲೂ ಅಪರೂಪವೇ.

ಟೇಲರ್ ಜೊತೆಯಲ್ಲಿ ಒಯ್ದದ್ದು ಗಾಳಿಪಟಗಳನ್ನು. ಆಕಾಶದ ಮೇಲಿನ ಪದರಗಳನ್ನು ಅಳೆಯಲು ಆಗ ಇದ್ದ ಮುಖ್ಯ ಸಾಧನವೇ ಅದು. ದಾರದ ಬದಲು ತೆಳ್ಳನೆಯ ಉಕ್ಕಿನ ತಂತಿ, ಅದನ್ನು ಸುತ್ತಲು ಡೆಕ್ಕಿನ ಮೇಲೆ ಒಂದು ವಿಂಚ್, ಪಟಕ್ಕೆ ನೇತುಹಾಕಿದ ಒಂದು ಹಗುರ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಗಡಿಯಾರದಂತೆ ಕೀಲಿ ಕೊಟ್ಟ ಉರುಳೆ ತಿರುಗುತ್ತಿದ್ದರೆ, ಮುಳ್ಳುಗಳು ಒತ್ತಡ, ಉಷ್ಣತೆ, ತೇವವನ್ನು ಗೀಟು ಗೀಟಾಗಿ ಬರೆಯುತ್ತವೆ. ಪಟ ಕೆಳಗಿಳಿದ ಮೇಲೆಯೇ ಮೇಲೆ ಏನಿತ್ತು ಎಂಬುದು ತಿಳಿಯುವುದು. ಇತ್ತ ಬಕೆಟ್ ಇಳಿಬಿಟ್ಟು ಕಡಲ ನೀರು ಮೊಗೆದು, ಬಿಸಿ ಎಷ್ಟಿದೆ ನೋಡುವುದು.

ಗೀಟುಗಳು ಹೇಳಿದ್ದು ಹಳೆಯ ಉತ್ತರಕ್ಕೆ ಒಗ್ಗಲಿಲ್ಲ. ಸಾಮಾನ್ಯವಾಗಿ ಮೇಲೆ ಹೋದಷ್ಟೂ ತಂಪು. ಮಂಜಿನ ದಿನಗಳಲ್ಲಿ ಅಲ್ಲಿ ಉಲ್ಟಾ. ನೀರಿಗೆ ಅಂಟಿದ ಗಾಳಿ ತಣ್ಣಗಿತ್ತು, ಮೇಲಿನದು ಬೆಚ್ಚಗಿತ್ತು. ಎರಡು ಗಾಳಿಗಳು ಪಕ್ಕಪಕ್ಕದಲ್ಲಿ ಬಂದು ಬೆರೆತ ಗುರುತು ಇದಲ್ಲ, ಒಂದೇ ಗಾಳಿ ಕೆಳಗಿನಿಂದ ತಣಿಯುತ್ತಾ ಬಂದ ಗುರುತು.

ಬೆರಕೆಯ ವಾದ ಎಷ್ಟು ಸೊರಗು ಎಂಬುದನ್ನು ಕಾಗದದ ಮೇಲೂ ನೋಡಬಹುದು. 20 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 17 ಗ್ರಾಂ ನೀರಾವಿ ಹಿಡಿದೀತು. 10 ಡಿಗ್ರಿಯದು ಒಂಬತ್ತೂವರೆ ಗ್ರಾಂ. ಪೂರಾ ತೇವ ತುಂಬಿದ ಇವೆರಡನ್ನೂ ಸಮನಾಗಿ ಬೆರೆಸಿದರೆ 15 ಡಿಗ್ರಿಯ ಗಾಳಿಯಲ್ಲಿ ಹೆಚ್ಚಾಗಿ ಉಳಿಯುವುದು ಬರೀ ಅರ್ಧ ಗ್ರಾಂ. ಅವುಗಳ ತೇವ ನೂರರ ಬದಲು ತೊಂಬತ್ತು ಪಾಲು ಇದ್ದರೂ ಸಾಕು, ಮಂಜು ಹುಟ್ಟುವುದೇ ಇಲ್ಲ. ಅದೇ 20 ಡಿಗ್ರಿಯ ಗಾಳಿಯನ್ನು ತಣ್ಣೀರಿನ ಮೇಲೆ ಹಾಯಿಸಿ 10ಕ್ಕೆ ಇಳಿಸಿ: ಏಳೆಂಟು ಗ್ರಾಂ ನೀರು ಹನಿಯಾಗಿ ಹೊರಬರಲೇಬೇಕು.

ಹಾಗಾದರೆ ಆ ಗಾಳಿ ಎಲ್ಲಿಂದ ಬಂತು? ಇಲ್ಲಿ ಟೇಲರ್ ಮಾಡಿದ ಕೆಲಸ ನನಗೆ ಗಾಳಿಪಟಕ್ಕಿಂತ ಹೆಚ್ಚು ಮೆಚ್ಚುಗೆಯದು. ಅಟ್ಲಾಂಟಿಕ್‌ನಲ್ಲಿ ಓಡಾಡುವ ಹಡಗುಗಳು ದಿನವೂ ಬರೆದಿಡುತ್ತಿದ್ದ ಗಾಳಿ, ಉಷ್ಣತೆಯ ಲೆಕ್ಕಗಳನ್ನು ಹಿಡಿದು, ತನ್ನ ಪಟ ಮುಟ್ಟಿದ ಗಾಳಿ ಹಿಂದಿನ ದಿನ ಎಲ್ಲಿತ್ತು, ಅದರ ಹಿಂದಿನ ದಿನ ಎಲ್ಲಿತ್ತು ಎಂದು ಹಿಮ್ಮುಖವಾಗಿ ಜಾಡು ಹಿಡಿದ. ಮಂಜಿನ ಗಾಳಿ ಬೆಚ್ಚನೆ ನೀರಿನ ಮೇಲೆ ಹಾದು, ಆಮೇಲೆ ತಣ್ಣೀರಿಗೆ ಬಂದದ್ದಾಗಿತ್ತು.

ಜಾಡು ಹಿಡಿಯುತ್ತಾ ಹೋದಂತೆ ಇನ್ನೊಂದು ಸಂಗತಿ ಕೈಗೆ ಸಿಕ್ಕಿತು. ಎತ್ತರಕ್ಕೆ ತಕ್ಕ ಉಷ್ಣತೆಯ ಗೀಟಿನಲ್ಲಿ ಒಂದು ಎತ್ತರಕ್ಕೆ ಬಂದಾಗ ಬಾಗು ಇರುತ್ತಿತ್ತು. ಗಾಳಿ ತಣ್ಣೀರಿಗೆ ಬಂದು ಎಷ್ಟು ಹೊತ್ತಾಗಿದೆಯೋ ಅದಕ್ಕೆ ತಕ್ಕಂತೆ ಆ ಬಾಗು ಮೇಲಿರುತ್ತಿತ್ತು. ಅಂದರೆ ತಂಪು ಎಷ್ಟು ವೇಗವಾಗಿ ಮೇಲಕ್ಕೆ ಹತ್ತಿತು ಎಂದು ಲೆಕ್ಕ ಹಾಕಬಹುದು. ಹಾಕಿ ನೋಡಿದರೆ, ಅಲ್ಲಾಡದ ಗಾಳಿಯಲ್ಲಿ ಶಾಖ ಹರಡುವ ವೇಗಕ್ಕೆ ಅದು ಸಾವಿರಾರು ಪಟ್ಟು! ಕಲಕದೆ ಬಿಟ್ಟ ಕಾಫಿಯಲ್ಲಿ ಸಕ್ಕರೆ ತಳದಲ್ಲೇ ಇರುತ್ತದೆ, ಚಮಚ ಆಡಿಸಿದರೆ ಕ್ಷಣದಲ್ಲಿ ಮೇಲೆ ಬರುತ್ತದೆ. ಗಾಳಿಯೊಳಗಿನ ಸಣ್ಣ ದೊಡ್ಡ ಸುಳಿಗಳು ಆ ಚಮಚದ ಕೆಲಸ ಮಾಡುತ್ತಿದ್ದವು. ಜೋರು ಗಾಳಿಯಲ್ಲೂ ಕಡಲ ಮಂಜು ಉಳಿಯುವ ಗುಟ್ಟೂ ಇಲ್ಲೇ ಇದೆ: ಸುಳಿಗಳು ನೀರಿನ ತಂಪನ್ನು ಮೇಲಕ್ಕೆ ಒಯ್ಯುತ್ತವೆ, ಗಾಳಿ ಹೊಸ ತೇವವನ್ನು ತರುತ್ತಲೇ ಇರುತ್ತದೆ.

1915ರಲ್ಲಿ ಈ ಸುಳಿಗಳ ಬಗ್ಗೆ ಟೇಲರ್ ಪ್ರಕಟಿಸಿದ ಪ್ರಬಂಧ, ಪ್ರಕ್ಷುಬ್ಧ ಹರಿವಿನ ವಿಜ್ಞಾನದ ಮೂಲಗಳಲ್ಲಿ ಒಂದು. ಹಿಮ ನೋಡಲು ಹೋದ ಹಡಗು ಮಂಜಿನ ಉತ್ತರ ತಂದಿತು, ಮಂಜಿನ ಬಾಲ ಹಿಡಿದು ಅದಕ್ಕಿಂತ ದೊಡ್ಡದು ಬಂತು. ಯುದ್ಧಕಾಲದಲ್ಲಿ ವಿಮಾನ ಹಾರಿಸುವುದನ್ನೂ ಕಲಿತ ಟೇಲರ್ 1917ರಲ್ಲಿ ಮಂಜಿನ ಬಗ್ಗೆಯೇ ಬೇರೊಂದು ಪ್ರಬಂಧ ಬರೆದ.

ಇಂದಿಗೂ ಕರಾವಳಿಯ ಮಂಜಿನ ಮುನ್ಸೂಚನೆ ಹೇಳುವವರು ಮೊದಲು ನೋಡುವುದು ಎರಡು ಅಂಕಿಗಳನ್ನು. ಬರುತ್ತಿರುವ ಗಾಳಿಯ ತೇವ ಎಷ್ಟು ಡಿಗ್ರಿಯಲ್ಲಿ ಹನಿಗಟ್ಟುತ್ತದೆ, ಎದುರಿನ ಕಡಲು ಎಷ್ಟು ಡಿಗ್ರಿಯಲ್ಲಿದೆ. ಕಡಲು ಅದಕ್ಕಿಂತ ತಣ್ಣಗಿದ್ದರೆ ಎಚ್ಚರ. ಮಂಗಳೂರು, ಕಾರವಾರದವರು ಇಂಥ ಮುನ್ಸೂಚನೆ ಕೇಳಿದ್ದೇ ಅಪರೂಪ, ಯಾಕೆಂದರೆ ನಮ್ಮ ಕಡೆಯ ಅರಬ್ಬಿ ಸಮುದ್ರ ಮಳೆಗಾಲದಲ್ಲೂ ಬೆಚ್ಚಗೇ ಇರುತ್ತದೆ. ಗಾಳಿ ಹೊತ್ತು ತಂದ ತೇವ ಘಟ್ಟಕ್ಕೆ ಬಡಿದು ಮೇಲೇರಿದ ಮೇಲೆಯೇ ತಣಿದು ಮಳೆಯಾಗುವುದು.

ಅದೇ ಸಮುದ್ರದ ಆಚೆ ದಡದಲ್ಲಿ ಕತೆ ಬೇರೆ. ಒಮಾನಿನ ಸಲಾಲಾದಲ್ಲಿ ಕೆಲಸ ಮಾಡಿ ಬಂದವರು ಅಲ್ಲಿನ ಖರೀಫ್ ಬಗ್ಗೆ ಹೇಳಿಯೇ ಹೇಳುತ್ತಾರೆ: ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಮಂಜು, ತುಂತುರು, ಹಸಿರು ಗುಡ್ಡ, ಉಳಿದ ಅರೇಬಿಯಾ ಕಾದ ಬಾಣಲೆಯಾಗಿರುವಾಗ ಇಲ್ಲಿ ಹಗಲಲ್ಲೂ ತಂಪು. ತರುವುದು ನಮ್ಮ ಮುಂಗಾರಿನ ನೈಋತ್ಯ ಗಾಳಿಯೇ. ದಡದುದ್ದಕ್ಕೂ ಬೀಸುತ್ತಾ ಅದು ಮೇಲ್ನೀರನ್ನು ಆಚೆಗೆ ತಳ್ಳುತ್ತದೆ, ಆ ಜಾಗಕ್ಕೆ ತಳದ ತಣ್ಣೀರು ಏಳುತ್ತದೆ, ತಣ್ಣೀರಿನ ಮೇಲೆ ತೇವದ ಗಾಳಿ ಹಾಯುತ್ತದೆ. ಸೆಪ್ಟೆಂಬರಿನಲ್ಲಿ ಗಾಳಿ ಸೋತೊಡನೆ ತಣ್ಣೀರು ಏಳುವುದು ನಿಲ್ಲುತ್ತದೆ, ಸಲಾಲಾಕ್ಕೆ ಮತ್ತೆ ಬಿಸಿಲು.