ಅಟ್ಟದ ರೈಫಲ್ಲಿಗೆ ಲಕ್ಷ ಬೆಲೆಯಂತೆ! ಮುದ್ರೆ ಓದಿದವನಿಗೇ ಗೊತ್ತು ಅಸಲು ಕಿಮ್ಮತ್ತು

ಮಧುರೆ: ಶನಿವಾರ ಬಂತೆಂದರೆ ಶನಿಮಹಾತ್ಮನ ಗುಡಿಗೆ ಬರುವ ಜನರ ಜೊತೆಯಲ್ಲೇ ನಾನಾ ಊರಿನ ಸುದ್ದಿಗಳೂ ಇಲ್ಲಿ ಬಸ್ಸಿಳಿಯುತ್ತವೆ. ಎರಡು ತಲೆ ಹಾವು, ಅಕ್ಕಿ ಎಳೆಯೋ ತಂಬಿಗೆ ಇವೆಲ್ಲ ಹಳೇ ಸರಕು. ಅದೇ ಜಾತಿಗೆ ಸೇರಿದ ಇನ್ನೊಂದು ಮಾತು ಮಿಲಿಟರಿ ಬಂದೂಕಿನದು. ತಾತನ ಕಾಲದ ರೈಫಲ್ ಅಟ್ಟದ ಮೇಲಿದ್ದರೆ ಫಾರಿನ್ ಪಾರ್ಟಿ ಲಕ್ಷಗಟ್ಟಲೆ ಎಣಿಸಿ ಕೊಡ್ತಾನಂತೆ!

ಪೂರ್ತಿ ಸುಳ್ಳಾಗಿದ್ದರೆ ಯಾರೂ ನಂಬುತ್ತಿರಲಿಲ್ಲ. ಅರ್ಧ ನಿಜ ಇರುವುದೇ ಪೇಚಾಟ. 2003ರಲ್ಲಿ ಅಮೆರಿಕದ ಎರಡು ಕಂಪನಿಗಳು ನೇಪಾಳದ ಕಠ್ಮಂಡುವಿನ ಹಳೇ ಆಯುಧಾಗಾರವನ್ನೇ ಸಗಟಾಗಿ ಖರೀದಿ ಮಾಡಿದವು. ಧೂಳು ತಿನ್ನುತ್ತಾ ಬಿದ್ದಿದ್ದ 50 ಸಾವಿರಕ್ಕೂ ಹೆಚ್ಚು ಕೋವಿಗಳು, ಬ್ರಿಟಿಷರ ಕಾಲದ ಮಾರ್ಟಿನಿ-ಹೆನ್ರಿ ಸಮೇತ, ಹಡಗೇರಿ ಹೋಗಿ ಶೋಕಿದಾರರ ಗೋಡೆ ಸೇರಿದವು. ಈಚೆಗೆ ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪುವಿನ ಸಂಗತಿಯೂ ಇದೆ. 2015ರಲ್ಲಿ ಲಂಡನ್ನಿನ ಬೋನ್‌ಹ್ಯಾಮ್ಸ್ ಹರಾಜಿನಲ್ಲಿ ಅವನ ಕಾಲದ ಕತ್ತಿ, ಕೋವಿ, ಫಿರಂಗಿ ಎಲ್ಲ ಸೇರಿ 30 ಐಟಮ್ಮುಗಳಿಗೆ 60 ಲಕ್ಷ ಪೌಂಡಿಗೂ ಮೇಲೆ ಬಂತು. ದಲ್ಲಾಳಿಯ ಬಾಯಿಗೆ ಇಷ್ಟು ಸಿಕ್ಕರೆ ಸಾಕಲ್ಲ.

ಆದರೆ ಬೆಲೆ ಕಟ್ಟುವ ಕಸುಬೇ ಬೇರೆ. ಬಲ್ಲವನು ಮೊದಲು ನೋಡುವುದು ಮರವನ್ನಲ್ಲ, ಕಬ್ಬಿಣದ ಮೇಲಿನ ಮುದ್ರೆಯನ್ನು. ದೇಶದಲ್ಲಿ ಹೆಚ್ಚು ಬಳಕೆಯಾದದ್ದು ತ್ರೀ ನಾಟ್ ತ್ರೀ, ಅಂದರೆ ಲೀ-ಎನ್‌ಫೀಲ್ಡ್. ಕುದುರೆಯ ಮೇಲ್ಭಾಗದ ಕಬ್ಬಿಣದ ಪಟ್ಟಿಯಲ್ಲಿ ಕಿರೀಟ, ಕಾರ್ಖಾನೆ ಹೆಸರು, ಇಸವಿ ಕೊರೆದಿರುತ್ತದೆ. ಇಂಗ್ಲೆಂಡಿನ ಎನ್‌ಫೀಲ್ಡ್ ಇರಬಹುದು, ಆಸ್ಟ್ರೇಲಿಯಾದ ಲಿಥ್‌ಗೋ ಇರಬಹುದು, ಬಂಗಾಳದ ಈಶಾಪುರ ಇರಬಹುದು. ಈಶಾಪುರದ್ದಾದರೆ ಸ್ವಾತಂತ್ರ್ಯಕ್ಕೆ ಮುಂಚಿನದರಲ್ಲಿ ಕಿರೀಟದ ಕೆಳಗೆ ಜಿ.ಆರ್.ಐ., ಆಮೇಲಿನದರಲ್ಲಿ ಆರ್.ಎಫ್.ಐ.

ಕಳ್ಳ ಮಾಲು ಸಿಕ್ಕಿಬೀಳುವುದೂ ಇಲ್ಲೇ. ವಾಯವ್ಯ ಗಡಿಯ ಪಠಾಣ ಕುಲುಮೆಗಳಲ್ಲಿ ಕೈಯಲ್ಲೇ ಬಡಿದು ಮಾಡಿದ ನಕಲುಗಳು ಲೋಕವೆಲ್ಲ ಹರಡಿವೆ. ಇಂಗ್ಲಿಷ್ ಬಾರದ ಕಮ್ಮಾರ 'ಎನ್' ಅಕ್ಷರವನ್ನು ತಿರುಗುಮುರುಗು ಕೆತ್ತಿದ. ವಿಕ್ಟೋರಿಯಾ ರಾಣಿ ತೀರಿಕೊಂಡದ್ದು 1901ರ ಜನವರಿಯಲ್ಲಿ. ಆಕೆಯ ವಿ.ಆರ್. ಮುದ್ರೆ ಇದ್ದು ಪಕ್ಕದಲ್ಲಿ 1907 ಅಂತಿದ್ದರೆ? ರಾಣಿ ಸ್ವರ್ಗದಿಂದ ಬಂದು ಒತ್ತಿ ಹೋದಳೇನು!

ಎರಡನೆಯದು ನಂಬರು. ಚೌಕಟ್ಟು, ಬೋಲ್ಟಿನ ಹಿಡಿ, ಮೂತಿಯ ಕಟ್ಟು, ಗುರಿ ನೋಡುವ ಎಲೆ, ಈ ನಾಲ್ಕರಲ್ಲೂ ಒಂದೇ ನಂಬರು ಇದ್ದರೆ ಬೆಲೆ ಏರುತ್ತದೆ. ಒಂದು ತಪ್ಪಿದರೂ ಯಾವುದೋ ಗುಜರಿಯಲ್ಲಿ ಜೋಡಿಸಿದ್ದು ಅಂತ ಕೊಳ್ಳುವವನು ಮೂಗು ಮುರಿಯುತ್ತಾನೆ. ಆಮೇಲೆ ನಳಿಗೆಯೊಳಗಿನ ಗೀರು. ಅದು ಸವೆದಿದ್ದರೆ ಇಳಿಕೆ. ಗೀರೇ ಇಲ್ಲದೆ ನುಣ್ಣಗಿದ್ದರೆ ಅದು ಪೊಲೀಸ್ ಕಾವಲಿಗೆಂದು ಬದಲಾಯಿಸಿದ .410 ಮಸ್ಕೆಟ್ ಇರಬಹುದು. ನೋಡಲು ತ್ರೀ ನಾಟ್ ತ್ರೀಯ ತಮ್ಮನೇ, ಕಿಮ್ಮತ್ತು ಬೇರೆ. 1962ರ ಚೀನಾ ಯುದ್ಧದ ಬಳಿಕ ಈಶಾಪುರದಲ್ಲಿ 7.62 ತೋಟಾಕ್ಕೆ ತಯಾರಾದ 2ಎ1 ಕೂಡ ಹಾಗೇ. ಬ್ರಿಟಿಷರದ್ದು ಅಂತ ಮಾರಿಬಿಡುತ್ತಾರೆ. ಚೌಕ ಮೂತಿಯ ತೋಟಾ ಪೆಟ್ಟಿಗೆಯೇ ಗುಟ್ಟು ರಟ್ಟು ಮಾಡುತ್ತದೆ. ಕೆಲವಕ್ಕೆ ಮುಂಭಾಗದಲ್ಲಿ ತಂತಿ ಸುತ್ತಿರುತ್ತದೆ. ಮುರಿದದ್ದಕ್ಕೆ ಕಟ್ಟಿದ್ದಲ್ಲ, ಗ್ರೆನೇಡ್ ಹಾರಿಸಲು ಕಾರ್ಖಾನೆಯವರೇ ಸುತ್ತಿದ್ದು. ಬಿಚ್ಚಿದವನು ತನ್ನ ಕೈಯಾರೆ ದುಡ್ಡು ಬಿಸಾಡಿದ ಹಾಗೆ. ಹುಣಸೆಹಣ್ಣು ಹಾಕಿ ತಿಕ್ಕುವುದು, ಮರಕ್ಕೆ ವಾರ್ನಿಷ್ ಬಳಿಯುವುದು ಇನ್ನೂ ದೊಡ್ಡ ಅನಾಹುತ. ಅಮೆರಿಕದ ಕಾನೂನಿನಲ್ಲಿ 1898 ಅಥವಾ ಅದಕ್ಕೆ ಮುಂಚಿನದು ಮಾತ್ರ ಆಂಟಿಕ್. ಹೀಗಾಗಿ ಒಂದು ವರ್ಷದ ಅಂತರವೂ ಅಲ್ಲಿ ರೇಟು ಬದಲಾಯಿಸುತ್ತದೆ.

ಇದೆಲ್ಲ ಅಲ್ಲಿಯ ಲೆಕ್ಕ. ಮಧುರೆಯಲ್ಲಿ?

ಇಲ್ಲಿ .303 ನಿಷೇಧಿತ ಬೋರು. ಖಾಸಗಿಯವರು ಇಟ್ಟುಕೊಳ್ಳುವಂತಿಲ್ಲ, ಮಾರುವಂತಿಲ್ಲ. ಉತ್ತರ ಪ್ರದೇಶದ ಪೊಲೀಸರು 2020ರ ಗಣರಾಜ್ಯೋತ್ಸವದಲ್ಲಿ ಅದಕ್ಕೆ ಬೀಳ್ಕೊಡುಗೆ ಕೊಟ್ಟರೂ ಜನರಿಗೆ ಸಿಗುವ ಸಾಮಾನಾಗಲಿಲ್ಲ. ಲೈಸನ್ಸ್ ಇಲ್ಲದೆ ನಿಷೇಧಿತ ಬಂದೂಕು ಸಿಕ್ಕಿದರೆ 2019ರ ತಿದ್ದುಪಡಿಯ ಪ್ರಕಾರ 7ರಿಂದ 14 ವರ್ಷ ಸಜೆ. 'ತುಕ್ಕು ಹಿಡಿದಿದೆ ಸಾರ್, ಶೋಗೆ ಇಟ್ಟಿದ್ದು' ಅಂದರೆ ನಡೆಯೋದಿಲ್ಲ. 1959ರ ಆಯುಧ ಕಾಯಿದೆ ವಿನಾಯಿತಿ ಕೊಡುವುದು ರಿಪೇರಿ ಮಾಡಿದರೂ ಸಿಡಿಯದ ಹಳೇ ಕೋವಿಗೆ ಮಾತ್ರ. ಫಾರಿನ್ ಪಾರ್ಟಿಯ ಕಥೆಗೂ ಅಲ್ಲಿಗೇ ಪೂರ್ಣವಿರಾಮ. ನೂರು ವರ್ಷ ದಾಟಿದ್ದು ಪುರಾವಸ್ತು, 1972ರ ಕಾಯಿದೆಯಂತೆ ಖಾಸಗಿಯವನು ದೇಶದಾಚೆ ಸಾಗಿಸುವಂತಿಲ್ಲ.

ಹಳ್ಳಿ ಅಟ್ಟಗಳಲ್ಲಿ ಸಿಗುವ ಸಂಭವ ಹೆಚ್ಚಿರುವುದು ಮಿಲಿಟರಿ ರೈಫಲ್ಲಲ್ಲ, ಹಂದಿ ಬೆದರಿಸಲು ಹಿರಿಯರು ಇಟ್ಟುಕೊಂಡಿದ್ದ ಮದ್ದು ತುಂಬುವ ನಾಡಕೋವಿ. ಶೋಕಿದಾರ ಅದರತ್ತ ತಿರುಗಿಯೂ ನೋಡುವುದಿಲ್ಲ. ಆದರೂ ಅದಕ್ಕೂ ಲೈಸನ್ಸ್ ಬೇಕು. ಕೊಡಗಿನವರಿಗಿರುವ ವಿನಾಯಿತಿ ಈ ಕಡೆಯವರಿಗಿಲ್ಲ.

ತಾತನ ಹೆಸರಲ್ಲಿ ಲೈಸನ್ಸ್ ಇದ್ದು ಅವರು ತೀರಿಕೊಂಡಿದ್ದರೆ ದಾರಿ ಇದೆ. ಕೋವಿಯನ್ನು ಠಾಣೆಯಲ್ಲೋ ಲೈಸನ್ಸುದಾರ ಅಂಗಡಿಯಲ್ಲೋ ಒಪ್ಪಿಸಿ ರಸೀದಿ ಪಡೆದು, ವಾರಸುದಾರರು ಬೀರಸಂದ್ರದ ಜಿಲ್ಲಾಡಳಿತ ಭವನದಲ್ಲಿ ಅರ್ಜಿ ಹಾಕಿಕೊಳ್ಳಬಹುದು. ಹಳೇ ಲೈಸನ್ಸ್ ಪುಸ್ತಕ ಗೆದ್ದಲು ಹಿಡಿದಿದ್ದರೂ ಎಸೆಯಬಾರದು. ಅರ್ಜಿಯ ಜೊತೆ ತೋರಿಸಲು ಮೊದಲು ಬೇಕಾಗುವುದೇ ಅದು.