ನ್ಯೂಟ್ರಾನ್ ಯಮಳಗಳ ದೀರ್ಘಕಾಲಿಕ ಕಾಂತಿಭೇದ

ಆಕಾಶದಲ್ಲಿ ಒಂಟಿಯಾಗಿ ತೋರುವ ಅನೇಕ ನಕ್ಷತ್ರಗಳು ವಾಸ್ತವವಾಗಿ ಯಮಳಗಳೆಂಬುದು ವಾಚಕರಿಗೆ ವಿದಿತವೇ ಇದೆ. ಕೆಲವು ಯಮಳಗಳಲ್ಲಿ ಒಂದು ನ್ಯೂಟ್ರಾನ್ ನಕ್ಷತ್ರವಾಗಿರುತ್ತದೆ. ಸೂರ್ಯನಿಗಿಂತ ಹೆಚ್ಚಿನ ದ್ರವ್ಯವನ್ನು ಒಂದು ಪಟ್ಟಣದಷ್ಟು ಗಾತ್ರದಲ್ಲಿ ಅಡಗಿಸಿಕೊಂಡಿರುವ ಈ ಕಾಯವು ತನ್ನ ಸಂಗಾತಿಯಿಂದ ದ್ರವ್ಯವನ್ನು ಸೆಳೆದುಕೊಳ್ಳುತ್ತದೆ. ಆ ದ್ರವ್ಯವು ತಟ್ಟೆಯಾಕಾರದಲ್ಲಿ ಸುಳಿಯುತ್ತ ಒಳಸರಿದು, ಕೊನೆಗೆ ನಕ್ಷತ್ರದ ಮೇಲೆ ಬಿದ್ದು ಕ್ಷ-ಕಿರಣಗಳನ್ನು ಹೊಮ್ಮಿಸುತ್ತದೆ. ಇಂತಹ ಯಮಳಗಳಲ್ಲಿ ಕೆಲವು ಹಲವು ದಿನ ಬೆಳಗಿ, ಹಲವು ದಿನ ಮಂಕಾಗುತ್ತವೆ. ಮಂಕಾದಾಗ ಕುಗ್ಗಿದುದು ದೀಪವೋ, ಅಥವಾ ದೀಪಕ್ಕೆ ಮರೆ ಬಂದಿತೋ? ಇದೇ ಇಲ್ಲಿಯ ವಿಚಾರ.

ಹರ್ಕ್ಯುಲೀಸ್ ನಕ್ಷತ್ರರಾಶಿಯಲ್ಲಿರುವ ಹರ್ಕ್ಯುಲೀಸ್ ಎಕ್ಸ್-೧ ಎಂಬುದು ಇದಕ್ಕೆ ಮುಖ್ಯ ನಿದರ್ಶನ. ೧೯೭೦ನೆಯ ಡಿಸೆಂಬರಿನಲ್ಲಿ ಕೀನ್ಯಾ ಕರಾವಳಿಯಿಂದ ಹಾರಿಸಲ್ಪಟ್ಟ ಉಹುರು ಉಪಗ್ರಹದ ವೀಕ್ಷಣೆಗಳಿಂದ ಇದರಲ್ಲಿ ಮೂರು ಆವರ್ತಗಳು ಗೊತ್ತಾದುವು. ೧.೨೪ ಸೆಕೆಂಡಿನದು ನ್ಯೂಟ್ರಾನ್ ನಕ್ಷತ್ರದ ಸ್ವಪರಿಭ್ರಮಣ, ೧.೭ ದಿನದ್ದು ಯಮಳದ ಕಕ್ಷಾಕಾಲ. ಮೂರನೆಯದು ಸುಮಾರು ೩೫ ದಿನದ್ದು. ಈ ೩೫ ದಿನಗಳಲ್ಲಿ ಸುಮಾರು ಹತ್ತು ದಿನ ಪೂರ್ಣಕಾಂತಿಯೂ, ಮಧ್ಯೆ ಕೆಲವು ದಿನ ಅಲ್ಪಕಾಂತಿಯೂ ಇದ್ದು, ಉಳಿದ ದಿನಗಳಲ್ಲಿ ಕ್ಷ-ಕಿರಣಗಳು ಬಹುಮಟ್ಟಿಗೆ ಅಡಗುತ್ತವೆ.

ಇದರ ಸಂಗಾತಿಯನ್ನು ದೂರದರ್ಶಕದಿಂದ ನೋಡಿದಾಗ ಪ್ರಶ್ನೆಗೆ ಉತ್ತರವು ದೊರೆಯುತ್ತದೆ. ನ್ಯೂಟ್ರಾನ್ ನಕ್ಷತ್ರದ ಕಡೆಗಿರುವ ಅದರ ಮುಖವು ಕ್ಷ-ಕಿರಣಗಳಿಂದ ಕಾದು ಪ್ರಕಾಶಮಾನವಾಗಿರುವುದರಿಂದ, ೧.೭ ದಿನಕ್ಕೊಮ್ಮೆ ಅದರ ಬೆಳಕು ಏರಿ ಇಳಿಯುತ್ತದೆ. ಕ್ಷ-ಕಿರಣಗಳು ನಮಗೆ ಕಾಣದ ದಿನಗಳಲ್ಲಿಯೂ ಈ ಏರಿಳಿತವು ನಿಲ್ಲುವುದಿಲ್ಲ. ದೀಪವು ಕಾಣದಿದ್ದರೂ ಎದುರಿನ ಗೋಡೆ ಬೆಳಗುತ್ತಿದ್ದರೆ, ದೀಪವು ಆರಿಲ್ಲವೆಂದೇ ತಿಳಿಯಬೇಕು. ಆದುದರಿಂದ ಇಲ್ಲಿ ಬಂದಿರುವುದು ಮರೆಯೇ. ಓರೆಯಾಗಿ ತಿರುಚಿಕೊಂಡಿರುವ ದ್ರವ್ಯದ ತಟ್ಟೆಯು, ವಾಲಿದ ಬುಗುರಿಯಂತೆ ಮೆಲ್ಲನೆ ತೊನೆಯುತ್ತ, ಆಗಾಗ ನಮ್ಮ ದೃಷ್ಟಿರೇಖೆಗೆ ಅಡ್ಡ ಬರುತ್ತದೆ. ಕೇಂದ್ರದ ಕಿರಣಗಳ ಒತ್ತಡವೇ ತಟ್ಟೆಯನ್ನು ತಿರುಚಬಲ್ಲುದೆಂದು ೧೯೯೬ರಲ್ಲಿ ಪ್ರಿಂಗಲ್ ಎಂಬ ವಿದ್ವಾಂಸರು ಪ್ರತಿಪಾದಿಸಿದರು.

ಆದರೆ ಎಲ್ಲ ಮಂಕಿಗೂ ಮರೆಯೇ ಕಾರಣವೆನ್ನಲಾಗದು. ಹಿಂದಿನ ದಶಕಗಳ ಛಾಯಾಚಿತ್ರ ಫಲಕಗಳನ್ನು ಪರೀಕ್ಷಿಸಿದಾಗ, ಸಂಗಾತಿಯ ಏರಿಳಿತವೇ ಅಡಗಿದ್ದ ಕಾಲಗಳು ಕಂಡುಬಂದುವು. ಆಗ ದೀಪವೇ ಕುಗ್ಗಿದ್ದಿತು. ೧೯೮೩ರಲ್ಲಿಯೂ ೧೯೯೯ರಲ್ಲಿಯೂ ಕ್ಷ-ಕಿರಣಗಳು ದೀರ್ಘಕಾಲ ಕ್ಷೀಣಿಸಿದ್ದರೂ ಸಂಗಾತಿಯು ಕಾಯುತ್ತಲೇ ಇದ್ದಿತು, ಅದು ಮರೆ. ಇನ್ನು ಕಿರಿಯ ಮೆಗೆಲನ್ ಮೋಡದ ಎಕ್ಸ್-೧ ಯಮಳದಲ್ಲಿ ಈ ದೀರ್ಘಾವರ್ತವು ಸ್ಥಿರವಾಗಿರದೆ, ಸುಮಾರು ೪೦ರಿಂದ ೬೦ ದಿನಗಳವರೆಗೆ ವ್ಯತ್ಯಾಸಗೊಳ್ಳುತ್ತದೆ.

ದಾವಣಗೆರೆಯ ವಿದ್ಯಾನಗರದಿಂದ ನೋಡುವವರಿಗೆ, ಜೂನ್ ಆರಂಭದ ನಡುರಾತ್ರಿಯಲ್ಲಿ ಈ ಯಮಳದ ಸ್ಥಾನವು ಉತ್ತರ ದಿಗಂತದಿಂದ ಸುಮಾರು ೬೯ ಅಂಶ ಎತ್ತರದಲ್ಲಿರುತ್ತದೆ. ಆದರೆ ಅದು ಬರಿಗಣ್ಣಿಗೆ ಗೋಚರಿಸದು. ಅದರ ಕ್ಷ-ಕಿರಣಗಳನ್ನೂ ವಾಯುಮಂಡಲವು ಹೀರಿಬಿಡುತ್ತದೆ. ಆದಕಾರಣ ಯಂತ್ರಗಳನ್ನು ಅಂತರಿಕ್ಷಕ್ಕೇ ಕಳುಹಿಸಬೇಕು. ಬೆಂಗಳೂರಿನ ಪೀಣ್ಯದಲ್ಲಿ ನಿರ್ಮಿತವಾಗಿ ೧೯೭೫ರಲ್ಲಿ ಹಾರಿದ ಆರ್ಯಭಟದಲ್ಲಿಯೇ ಒಂದು ಕ್ಷ-ಕಿರಣ ಉಪಕರಣವಿದ್ದಿತು. ೨೦೧೫ರ ಸೆಪ್ಟೆಂಬರ್ ೨೮ರಂದು ಹಾರಿದ ಆಸ್ಟ್ರೋಸ್ಯಾಟಿನಲ್ಲಿ, ತಿರುಗುವ ಪೀಠದ ಮೇಲೆ ಕುಳಿತು ಆಕಾಶವನ್ನು ಪಹರೆ ಕಾಯುವ ಒಂದು ಉಪಕರಣವನ್ನು ಅಳವಡಿಸಲಾಯಿತು.

ಇಂತಹ ಪಹರೆಯು ಮಂಕು ಯಾವಾಗ ಬಂದಿತೆಂಬುದನ್ನು ತಿಳಿಸುವುದು. ಏಕೆ ಬಂದಿತೆಂಬುದನ್ನು ಸಂಗಾತಿಯ ಬೆಳಕು ತಿಳಿಸುವುದು. ಕಾಂತಿಯೊಂದನ್ನೇ ಅಳೆದು, ಬೀಳುವ ದ್ರವ್ಯದ ಪ್ರಮಾಣವನ್ನು ನಿರ್ಣಯಿಸುವುದು ಯುಕ್ತವಲ್ಲ.