ಸಾಂಕ್ರಾಮಿಕವೂ ಯುಗಾದಿಯ ಬೇಟೆಯೂ

ಯುಗಾದಿಯೆಂದರೆ ನಿಮ್ಮ ಮನೆಯಲ್ಲಿ ಅಭ್ಯಂಜನ, ಮಾವಿನ ತೋರಣ, ಬೇವುಬೆಲ್ಲ, ಪಂಚಾಂಗಶ್ರವಣ. ರೇಡಿಯೋವಿನಲ್ಲಿ ಸಂವತ್ಸರಫಲವನ್ನು ಕೇಳಿ, ಮಳೆ ಎಷ್ಟು, ಬೆಳೆ ಎಷ್ಟು ಎಂದು ನಾಲ್ಕು ಮಾತಾಡುವಷ್ಟರಲ್ಲಿ ಹಬ್ಬ ಮುಗಿಯುತ್ತದೆ. ಆದರೆ ಹೊಸಪೇಟೆಯ ಅಂಗಡಿಬೀದಿಯನ್ನು ದಾಟಿ ಸಂಡೂರಿನ ಕಡೆಗೋ ಕಂಪ್ಲಿಯ ಕಡೆಗೋ ಎರಡು ಮೂರು ಹರಿದಾರಿ ಹೋದರೆ, ಕೆಲವು ಹಳ್ಳಿಗಳಲ್ಲಿ ಈ ಹಬ್ಬಕ್ಕೆ ಇನ್ನೊಂದು ಅಂಗವುಂಟು. ಅದೇ ಯುಗಾದಿಯ ಬೇಟೆ. ಬಳ್ಳಾರಿ, ಕೊಪ್ಪಳ, ರಾಯಚೂರು ಸೀಮೆಯ ಎಷ್ಟೋ ಊರುಗಳಲ್ಲಿ ಹಬ್ಬದ ಆಸುಪಾಸಿನಲ್ಲಿ ಗಂಡಸರು ಬಲೆ, ಬಡಿಗೆ, ನಾಯಿಗಳೊಡನೆ ಗುಂಪುಗುಂಪಾಗಿ ಗುಡ್ಡ ಹತ್ತುವುದು ಹಿಂದಿನಿಂದ ಬಂದ ರೂಢಿ. ಒಂದು ಮೊಲವಾದರೂ ಸಿಕ್ಕಿದರೆ ವರ್ಷ ಒಳ್ಳೆಯದೆಂಬ ನಂಬಿಕೆ. ಸಿಕ್ಕಿದ್ದನ್ನು ಪಾಲುಹಾಕಿ ಎಲ್ಲರೂ ಉಣ್ಣುವುದು ಪದ್ಧತಿ.

ಒಂದು ದೊಡ್ಡ ಸಾಂಕ್ರಾಮಿಕವು ಈ ಬೇಟೆಯ ಕಾಲಕ್ಕೆ ಸರಿಯಾಗಿ ಬಂದೆರಗಿದರೆ ಏನಾದೀತು? ಬೇಟೆ ನಿಂತು ಮೃಗಗಳಿಗೆ ನೆಮ್ಮದಿ ಸಿಕ್ಕೀತೇ? ಅಥವಾ ಬೇರೇನಾದರೂ ಆದೀತೇ? ಈ ಪ್ರಶ್ನೆಗೆ ಊಹೆಯಿಂದ ಉತ್ತರ ಹೇಳಬೇಕಾಗಿಲ್ಲ. ೨೦೨೦ರಲ್ಲಿ ಅದು ನಮ್ಮ ಕಣ್ಣೆದುರಿಗೇ ನಡೆದುಹೋಯಿತು.

ಮೊದಲು ಬೇಟೆಯ ಹಿನ್ನೆಲೆಯನ್ನು ಸ್ವಲ್ಪ ನೋಡೋಣ. ಬೇಟೆಗೆ ಹಳಗನ್ನಡದಲ್ಲಿ ಬೇಂಟೆಯೆಂದು ಹೆಸರು. ಪಂಪನ ವಿಕ್ರಮಾರ್ಜುನ ವಿಜಯದಲ್ಲಿ ಬೇಂಟೆಯ ವರ್ಣನೆ ವಿಸ್ತಾರವಾಗಿಯೇ ಬರುತ್ತದೆ. ಕಲ್ಯಾಣದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮೃಗಯೆಯು ರಾಜವಿನೋದಗಳಲ್ಲೊಂದು. ಹಂಪಿಯ ಮಹಾನವಮಿ ದಿಬ್ಬದ ಮುಂದೆ ನಿಂತು ಅದರ ಸುತ್ತಿನ ಕಲ್ಲಿನ ಪಟ್ಟಿಕೆಗಳನ್ನು ನೋಡಿರಿ. ಆನೆ, ಕುದುರೆ, ಕುಣಿಯುವವರ ಸಾಲಿನ ನಡುವೆ ಜಿಂಕೆ ಹಂದಿಗಳನ್ನು ಅಟ್ಟುವ ಬೇಟೆಗಾರರನ್ನೂ ಕಾಣುವಿರಿ. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು ೧೫೨೦ರಲ್ಲಿ, ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ನಗರದ ಪೇಟೆಯಲ್ಲಿ ಮಾರುತ್ತಿದ್ದ ಪದಾರ್ಥಗಳಲ್ಲಿ ಕವುಜುಗ, ಲಾವುಗೆ, ಮೊಲಗಳನ್ನೂ ಎಣಿಸಿದ್ದಾನೆ. ಅನಂತರ ಬಂದ ನೂನಿಜ್ ಎಂಬವನು ನಗರಸ್ಥಾಪನೆಯ ಐತಿಹ್ಯವನ್ನು ಬರೆದಿಟ್ಟ. ಅರಸನು ಬೇಟೆಗೆ ಬಂದಾಗ ಮೊಲವೊಂದು ಓಡಿಹೋಗದೆ ತಿರುಗಿ ನಾಯಿಗಳನ್ನೇ ಕಚ್ಚಿತಂತೆ. ಇದು ಗಂಡುಮೆಟ್ಟಿನ ನೆಲವೆಂದು ತಪಸ್ವಿಯೊಬ್ಬನು ಹೇಳಿದನಂತೆ. ಹೀಗೆ ನಮ್ಮೂರಿನ ಹುಟ್ಟಿನ ಕಥೆಯಲ್ಲಿಯೇ ಬೇಟೆಯುಂಟು, ಮೊಲವೂ ಉಂಟು.

ಆದರೆ ಅಂದಿನ ಕಾಡು ಇಂದಿಲ್ಲ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಮೊಲವನ್ನು ಕೊಲ್ಲುವುದೂ ಅಪರಾಧವೇ. ಕಾನೂನಿನ ದೃಷ್ಟಿಯಲ್ಲಿ ನಮ್ಮಲ್ಲಿ ಬೇಟೆಯ ಕಾಲವೆಂಬುದೇ ಇಲ್ಲ. ಹಂಪಿಗೆ ಸುಮಾರು ೧೫ ಕಿಲೋಮೀಟರ್ ದೂರದಲ್ಲಿ ೧೯೯೪ರಲ್ಲಿ ದರೋಜಿ ಕರಡಿಧಾಮವಾಯಿತು. ೨೦೧೫ರಲ್ಲಿ ತುಂಗಭದ್ರಾ ಅಣೆಕಟ್ಟೆಯ ಕೆಳಗಿನಿಂದ ಕಂಪ್ಲಿಯ ಸೇತುವೆಯವರೆಗೆ ಸುಮಾರು ೩೪ ಕಿಲೋಮೀಟರ್ ಹೊಳೆಯನ್ನು ನೀರುನಾಯಿಗಳ ಸಂರಕ್ಷಣಾ ಮೀಸಲೆಂದು ಘೋಷಿಸಲಾಯಿತು. ಸಂಡೂರಿನ ಗುಡ್ಡಗಳಲ್ಲಿ ಒಂದು ಕಡೆ ಅದಿರಿನ ಗಣಿ, ಇನ್ನೊಂದು ಕಡೆ ಅಳಿದುಳಿದ ಕಾಡು. ಆ ಸಂಡೂರಿನ ಅರಸುಮನೆತನದ ಎಂ. ವೈ. ಘೋರ್ಪಡೆಯವರು ಮೃಗಗಳನ್ನು ಕ್ಯಾಮೆರಾದಲ್ಲಿ ಹಿಡಿದು ಹೆಸರಾದರು. ಕಾಡಿಗೆ ಹೋಗಿ ಬರಿಗೈಯಲ್ಲಿ ಬರಬೇಕಾಗಿಲ್ಲ, ಕೊಂದೂ ಬರಬೇಕಾಗಿಲ್ಲ ಎಂಬುದಕ್ಕೆ ಅವರ ಚಿತ್ರಗಳೇ ಸಾಕ್ಷಿ. ಆದರೂ ರೂಢಿಯು ಕಾಯಿದೆ ಬಂದ ದಿನವೇ ಹೋಗುವುದಿಲ್ಲವೆಂಬುದನ್ನು ನೀವೂ ಬಲ್ಲಿರಿ.

ಈಗ ೨೦೨೦ಕ್ಕೆ ಬರೋಣ. ಮಾರ್ಚ್ ೧೧ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೊರೋನಾ ರೋಗವನ್ನು ಜಗದ್ವ್ಯಾಪಿ ಸಾಂಕ್ರಾಮಿಕವೆಂದು ಸಾರಿತು. ಆ ರೋಗದಿಂದ ಭಾರತದಲ್ಲಿ ಸಂಭವಿಸಿದ ಮೊದಲ ಸಾವು ನಮ್ಮ ನೆರೆಯ ಕಲಬುರಗಿಯದು. ಮಾರ್ಚ್ ೧೭ರಂದು ದೇಶದ ಸಂರಕ್ಷಿತ ಸ್ಮಾರಕಗಳನ್ನು ಮುಚ್ಚಲಾಯಿತು, ಹಂಪಿಯೂ ಮುಚ್ಚಿತು. ಮಾರ್ಚ್ ೨೪ರ ರಾತ್ರಿ ದೇಶವ್ಯಾಪಿ ದಿಗ್ಬಂಧನದ ಘೋಷಣೆಯಾಯಿತು. ಅದು ಜಾರಿಗೆ ಬಂದ ಮಾರ್ಚ್ ೨೫ರ ದಿನವೇ ಯುಗಾದಿ! ಬೇಟೆಗೆ ಗುಂಪು ಬೇಕು, ಗುಂಪಿಗೆ ನಿಷೇಧ. ಬೇಟೆಗೆ ಊರಿಂದೂರಿಗೆ ಹೋಗಬೇಕು; ದಾರಿಗೆ ಬೇಲಿ. ಹಬ್ಬದ ದೊಡ್ಡ ಬೇಟೆಗೆ ಅದಕ್ಕಿಂತ ದೊಡ್ಡ ತಡೆ ಮತ್ತೊಂದು ಬರಲಾರದು.

ಅಂದು ಪತ್ರಿಕೆಗಳಲ್ಲಿ ನವಿಲು ಬೀದಿಗಿಳಿದ, ಜಿಂಕೆ ಹೆದ್ದಾರಿಯಲ್ಲಿ ನಿಂತ ಚಿತ್ರಗಳನ್ನು ನೋಡಿ ನಾವೆಲ್ಲ ಸಂತೋಷಪಟ್ಟೆವು. ಮನುಷ್ಯನು ಒಳಗೆ ಕೂತರೆ ಮೃಗವು ಹೊರಗೆ ಸುಖವಾಗಿರುತ್ತದೆಂದು ನಾನೂ ತರಗತಿಯಲ್ಲಿ ಹೇಳಿದ್ದುಂಟು. ಶಾಲೆಗಳು ಮತ್ತೆ ತೆರೆದ ಮೇಲೆ ಒಂದು ದಿನ ಹಾಗೆ ಹೇಳುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬನು ಎದ್ದುನಿಂತು, “ಇಲ್ಲ ಸಾರ್, ಆ ವರ್ಷ ನಮ್ಮೂರಾಗ ಹಬ್ಬದ ಬೇಟಿ ಇದ್ದಿಲ್ಲ. ಆದ್ರ ದಿನಾ ಉರುಲು ಹಾಕ್ತಿದ್ರು” ಎಂದ. ತರಗತಿ ನಕ್ಕಿತು. ನಾನು ನಗಲಿಲ್ಲ.

ಹುಡುಗನ ಮಾತು ಒಂದೂರಿನದು. ದೇಶದ ಲೆಕ್ಕವೂ ಅದನ್ನೇ ಹೇಳುತ್ತದೆ. ವನ್ಯಜೀವಿಗಳ ಕಳ್ಳವ್ಯಾಪಾರವನ್ನು ಗಮನಿಸುವ ಟ್ರಾಫಿಕ್ ಎಂಬ ಸಂಸ್ಥೆಯು ಪತ್ರಿಕೆಗಳಲ್ಲಿ ವರದಿಯಾದ ಬೇಟೆಯ ಪ್ರಕರಣಗಳನ್ನು ಎಣಿಸಿತು. ದಿಗ್ಬಂಧನಕ್ಕೆ ಮುಂಚಿನ ಆರು ವಾರಗಳಲ್ಲಿ, ಅಂದರೆ ಫೆಬ್ರವರಿ ೧೦ರಿಂದ ಮಾರ್ಚ್ ೨೨ರವರೆಗೆ, ೩೫ ಪ್ರಕರಣಗಳು. ಅನಂತರದ ಆರು ವಾರಗಳಲ್ಲಿ, ಮೇ ೩ರವರೆಗೆ, ೮೮! ಇವುಗಳಲ್ಲಿ ಜಿಂಕೆಯಂತಹ ಗೊರಸುಳ್ಳ ಪ್ರಾಣಿಗಳ ಪಾಲು ನೂರಕ್ಕೆ ೨೨ರಿಂದ ೪೪ಕ್ಕೆ ಏರಿತು. ಮೊಲ, ಮುಳ್ಳುಹಂದಿ, ಚಿಪ್ಪುಹಂದಿ ಮೊದಲಾದ ಸಣ್ಣ ಪ್ರಾಣಿಗಳ ಪಾಲು ೧೭ರಿಂದ ೨೫ಕ್ಕೆ ಏರಿತು. ಹೆಚ್ಚಿದ್ದು ಚರ್ಮ ದಂತಗಳ ದೊಡ್ಡ ವ್ಯಾಪಾರವಲ್ಲ, ಮಾಂಸಕ್ಕಾಗಿ ಮಾಡುವ ಬೇಟೆ ಎಂಬುದನ್ನು ಗಮನಿಸಿರಿ.

ಕಾರಣವೇನು? ಹಬ್ಬದ ಬೇಟೆಗೂ ಹಸಿವಿನ ಬೇಟೆಗೂ ಇರುವ ವ್ಯತ್ಯಾಸದಲ್ಲಿಯೇ ಕಾರಣವುಂಟು. ಹಬ್ಬದ ಬೇಟೆಗೆ ದಿನ ಗೊತ್ತು, ದಾರಿ ಗೊತ್ತು, ಗದ್ದಲವುಂಟು. ಅರಣ್ಯದವರು ಮುಂಚಿತವಾಗಿಯೇ ಹೋಗಿ ತಡೆಯಬಹುದು. ಹಸಿವಿನ ಬೇಟೆಗೆ ಇವು ಯಾವುವೂ ಇಲ್ಲ. ಕೂಲಿ ನಿಂತಿತು, ಪ್ರವಾಸಿಗಳಿಲ್ಲದೆ ಆಟೋದವನು, ಹರಿಗೋಲಿನವನು, ಎಳನೀರು ಮಾರುವವನು ಕೈಕಟ್ಟಿ ಕುಳಿತರು, ಊರು ಬಿಟ್ಟು ದುಡಿಯಹೋದವರು ಬರಿಗೈಯಲ್ಲಿ ಹಿಂತಿರುಗಿದರು. ಸಂತೆಯಿಲ್ಲ, ಪೇಟೆಯ ಮಾಂಸ ದುಬಾರಿ, ಹೊತ್ತು ಹೋಗದು, ಗುಡ್ಡ ಹಿತ್ತಲಲ್ಲೇ ಇದೆ. ಒಬ್ಬನು ತಂತಿಯ ಉರುಲೊಂದನ್ನು ಬೇಲಿಯ ಸಂದಿನಲ್ಲಿ ಇಟ್ಟು ಬರಲು ಗುಂಪು ಬೇಕಾಗಿಲ್ಲ, ನಾಯಿ ಬೇಕಾಗಿಲ್ಲ. ಅಷ್ಟೇ ಅಲ್ಲ, ಉರುಲಿಗೆ ಮೊಲ ಯಾವುದು, ಕರಡಿಮರಿ ಯಾವುದು ಎಂಬ ವಿವೇಚನೆಯಿಲ್ಲ. ಇಟ್ಟವನು ಮರೆತರೂ ಅದು ಬಾಯಿ ತೆರೆದುಕೊಂಡೇ ಇರುತ್ತದೆ.

ಇದು ಬೇಟೆಯ ಮಾತಾಯಿತು. ರೋಗದ ಮಾತು ಬೇರೆಯೇ ಇದೆ. ಕೊರೋನಾ ನಮ್ಮಲ್ಲಿ ಹರಡಿದ್ದು ಮನುಷ್ಯರ ಉಸಿರಿನಿಂದ, ಮೊಲದಿಂದಲ್ಲ. ಆದುದರಿಂದ ಅಂತಹ ಕಾಲದಲ್ಲಿ ಇಪ್ಪತ್ತು ಮೂವತ್ತು ಮಂದಿ ಒಟ್ಟಾಗಿ ಏದುಸಿರುಬಿಡುತ್ತ ಓಡಿ, ಒಂದೇ ಪಾತ್ರೆಯ ನೀರು ಕುಡಿದು, ಒಂದೇ ಪಂಕ್ತಿಯಲ್ಲಿ ಉಣ್ಣುವುದೇ ಮೊದಲ ಅಪಾಯ. ೨೦೨೧ರ ಯುಗಾದಿಯನ್ನು ನೆನೆಯಿರಿ. ಅದು ಬಂದದ್ದು ಏಪ್ರಿಲ್ ೧೩ರಂದು. ಎರಡನೆಯ ಅಲೆ ಏರುತ್ತಿತ್ತು. ರಾಜ್ಯದಲ್ಲಿ ಬಿಗಿ ನಿರ್ಬಂಧ ಬಂದದ್ದು ಏಪ್ರಿಲ್ ೨೭ರಂದು. ನಡುವಣ ಎರಡು ವಾರಗಳಲ್ಲಿ ಕಾನೂನಿನ ಬೇಲಿ ಅಷ್ಟು ಬಿಗಿಯಾಗಿರಲಿಲ್ಲ, ರೋಗವಿತ್ತು. ಹಬ್ಬ ಮೊದಲೋ ನಿರ್ಬಂಧ ಮೊದಲೋ ಎಂಬುದರ ಮೇಲೆ ಎಷ್ಟೋ ಮನೆಗಳ ಕ್ಷೇಮ ನಿಂತಿರುತ್ತದೆ.

ಇನ್ನು ಪ್ರಾಣಿಗಳಿಂದ ಮನುಷ್ಯರಿಗೆ ಬರುವ ರೋಗಗಳು ನಮಗೆ ಹೊಸವಲ್ಲ. ಪ್ಲೇಗಿನ ಕಾಲದಲ್ಲಿ ಮನೆಯಲ್ಲಿ ಇಲಿ ಬಿದ್ದೊಡನೆ ನಮ್ಮ ಹಿರಿಯರು ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದವು. ಉಣ್ಣೆಗಳ ಮೂಲಕ ಹರಡುವ ಮಂಗನ ಕಾಯಿಲೆ ಅಲ್ಲಿ ಪತ್ತೆಯಾಯಿತು. ಇಲಿಯೂ ಮಂಗವೂ ಮುಂಚಿತವಾಗಿ ಸುದ್ದಿ ಕೊಟ್ಟವು. ಸತ್ತುಬಿದ್ದ ಅಥವಾ ಸುಲಭವಾಗಿ ಕೈಗೆ ಸಿಕ್ಕಿದ ಮೃಗವನ್ನು ಅದೃಷ್ಟವೆಂದು ಮನೆಗೆ ತರುವವರು ಈ ಸುದ್ದಿಯನ್ನು ಓದಲಾರದವರು. ನೆರಡಿ ರೋಗದಿಂದ ಸತ್ತ ಪ್ರಾಣಿಯನ್ನು ಸುಲಿದವನ ಕೈಗೇ ಆ ರೋಗ ಹತ್ತುತ್ತದೆ. ಬೆದರದೆ ನಿಂತ ಮೊಲವು ಐತಿಹ್ಯದಲ್ಲಿ ವೀರನಿರಬಹುದು. ಹೊಲದಲ್ಲಿ ಅದು ರೋಗಿಯೂ ಇರಬಹುದು.

ಆದರೆ ನಾವು ಸಾಮಾನ್ಯವಾಗಿ ನೆನೆಯದ ಸಂಗತಿಯೊಂದಿದೆ. ರೋಗವು ಮನುಷ್ಯನಿಂದಲೂ ಅವನ ಸಾಕುಪ್ರಾಣಿಗಳಿಂದಲೂ ಕಾಡಿಗೆ ಹೋಗುತ್ತದೆ. ೨೦೨೧ರ ಮೇ ತಿಂಗಳಲ್ಲಿ ಹೈದರಾಬಾದಿನ ಮೃಗಾಲಯದ ಎಂಟು ಸಿಂಹಗಳಿಗೆ ಕೊರೋನಾ ತಗಲಿದ್ದು ದೃಢಪಟ್ಟಿತು. ಅಮೆರಿಕದ ಕಾಡುಜಿಂಕೆಗಳಲ್ಲಿಯೂ ಅದೇ ವೈರಾಣು ಕಂಡುಬಂತು. ಅಲ್ಲಿಯ ಅಟ್ಲಾಂಟಾ ನಗರದ ಜಲಜೀವಿ ಸಂಗ್ರಹಾಲಯದಲ್ಲಿದ್ದ ನೀರುನಾಯಿಗಳಿಗೂ ೨೦೨೧ರಲ್ಲಿ ರೋಗ ಬಂತು. ಹಂಪಿಯ ಬಂಡೆಗಳ ನಡುವೆ ಈಜಿ ಕಂಪ್ಲಿಯವರೆಗೆ ಓಡಾಡುವ ನಮ್ಮ ನೀರುನಾಯಿಗಳೂ ಆ ಕುಲದವೇ. ಇನ್ನು ಬೇಟೆನಾಯಿಗಳು. ೨೦೧೮ರಲ್ಲಿ ಗುಜರಾತಿನ ಗೀರ್ ಕಾಡಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ, ನಾಯಿಗಳಲ್ಲಿ ಸಾಮಾನ್ಯವಾದ ಡಿಸ್ಟೆಂಪರ್ ರೋಗದ ವೈರಾಣು ಹಲವು ಸಿಂಹಗಳಲ್ಲಿ ಪತ್ತೆಯಾಯಿತು. ಲಸಿಕೆ ಕಾಣದ ನಾಯಿಗಳ ಹಿಂಡೊಂದು ಗುಡ್ಡವನ್ನೆಲ್ಲ ಸುತ್ತಿಬಂದರೆ, ಅಲ್ಲಿಯ ತೋಳ, ನರಿ, ಕತ್ತೆಕಿರುಬಗಳಿಗೆ ಅದು ಏನನ್ನು ಬಿಟ್ಟುಬರಬಹುದೆಂದು ಯೋಚಿಸಿರಿ. ಗುಂಪು ಒಂದು ಮೊಲವನ್ನೂ ಹಿಡಿಯದೆ ಮರಳಿರಬಹುದು, ಆದರೂ ಬೇಟೆಯಾಗಿರುತ್ತದೆ.

ಹೀಗಿರಲು ನಾವು ಮಾಡಬೇಕಾದುದೇನು? ಮುಂದೊಮ್ಮೆ ಇಂತಹ ಸಾಂಕ್ರಾಮಿಕ ಬಂದರೆ ಕಾಡನ್ನು ಕಾಯುವ ಕೆಲಸ ಕಾಡಿನಲ್ಲಿ ಮಾತ್ರವಲ್ಲ, ಪಡಿತರದ ಅಂಗಡಿಯಲ್ಲಿ ಪ್ರಾರಂಭವಾಗಬೇಕು. ಗುಡ್ಡದಂಚಿನ ಊರುಗಳಿಗೆ ಅಕ್ಕಿ, ಬೇಳೆ, ಎಣ್ಣೆ, ನಾಲ್ಕು ದಿನದ ಕೂಲಿ ಮೊದಲು ತಲುಪಿದರೆ ಉರುಲುಗಳು ತಾವಾಗಿ ಕಡಿಮೆಯಾಗುತ್ತವೆ. ಅರಣ್ಯ ಕಾವಲುಗಾರರನ್ನು ಅಂತಹ ಕಾಲದಲ್ಲಿ ಬೇರೆ ಕೆಲಸಕ್ಕೆ ಕಳಿಸದೆ, ಉರುಲು ಹುಡುಕಿ ತೆಗೆಯುವ ಕೆಲಸಕ್ಕೆ ಹಚ್ಚಬೇಕು. ಸಾಕುನಾಯಿಗಳಿಗೆ ಹುಚ್ಚುನಾಯಿ ರೋಗದ ಮತ್ತು ಡಿಸ್ಟೆಂಪರಿನ ಲಸಿಕೆಯನ್ನು ಯುಗಾದಿಗೆ ಮುಂಚೆಯೇ ಹಾಕಿಸುವುದು ಒಳ್ಳೆಯದು. ಸತ್ತ ಮೃಗವನ್ನು ಕಂಡರೆ ಮುಟ್ಟದೆ ಪಶುವೈದ್ಯರಿಗೋ ಅರಣ್ಯ ಇಲಾಖೆಯವರಿಗೋ ತಿಳಿಸಬೇಕು.

ಪಟ್ಟಣದ ಗೃಹಸ್ಥರಾದ ನಿಮಗೂ ಇದರಲ್ಲಿ ಒಂದು ಪಾಲಿದೆ. ಕಾಡುಮಾಂಸವೆಂದು ಯಾರಾದರೂ ಹೊಸಪೇಟೆಯ ಹಿತ್ತಲ ಬಾಗಿಲಿಗೆ ತಂದರೆ, ಅದನ್ನು ಕೊಳ್ಳುವ ಕೈ ಇಲ್ಲದಿದ್ದರೆ ಹಿಡಿಯುವ ಕೈ ಅರ್ಧ ನಿಲ್ಲುತ್ತದೆ. ಮನೆಗೆ ಹಾಲು ಸೊಪ್ಪು ತರುವ ಹಳ್ಳಿಯವರೊಡನೆ ಈ ವಿಚಾರವನ್ನು ಗದರಿಸದೆ ಮಾತಾಡಿರಿ. ಹಸಿದವನನ್ನು ಕಳ್ಳನೆಂದು ಕರೆದರೆ ಅವನು ನಿಮ್ಮೆದುರಿಗೆ ಮಾತ್ರ ಮಾತು ನಿಲ್ಲಿಸುತ್ತಾನೆ, ಉರುಲನ್ನಲ್ಲ.

ರೂಢಿ ಬಿಟ್ಟರೆ ದೇವರು ಮುನಿದಾನೆಂಬ ಅಂಜಿಕೆ ಕೆಲವರಿಗಿದೆ. ಅವರಿಗೆ ನಮ್ಮ ದೇವಸ್ಥಾನಗಳ ಪಾರ್ವೇಟೆಯ ಉತ್ಸವವನ್ನು ನೆನಪಿಸಬಹುದು. ಅಲ್ಲಿ ದೇವರೇ ಬೇಟೆಗೆ ಹೊರಡುತ್ತಾನೆ, ವಾಲಗವುಂಟು, ಮೆರವಣಿಗೆಯುಂಟು. ಬೇಟೆಯು ಅಭಿನಯದಲ್ಲಿಯೇ ಸಾಂಗವಾಗುತ್ತದೆ. ಬಲೆ ಬಡಿಗೆಗಳಿಗೆ ಪೂಜೆ ಮಾಡಿ, ಊರೆಲ್ಲ ಗುಡ್ಡದ ಬುಡದವರೆಗೆ ಮೆರವಣಿಗೆ ಹೋಗಿ, ಹೋಳಿಗೆಯೂಟ ಮಾಡಿ ಮರಳಿದರೂ ಯುಗಾದಿ ಯುಗಾದಿಯೇ. ೨೦೨೦ರಲ್ಲಿ ಬೇಟೆಯಿಲ್ಲದೆ ಒಂದು ಯುಗಾದಿ ಕಳೆಯಿತು. ಅದರಿಂದ ಯಾವ ಊರಿನ ಸಂವತ್ಸರವೂ ನಿಲ್ಲಲಿಲ್ಲ. ಅಂದು ಭಯದಿಂದ ಬಿಟ್ಟದ್ದನ್ನು ಈಗ ತಿಳಿದು ಬಿಟ್ಟರೆ, ಇನ್ನೊಂದು ಸಾಂಕ್ರಾಮಿಕ ಬರುವ ವೇಳೆಗೆ ನಮ್ಮ ಮನೆಗಳೂ ನಮ್ಮ ಗುಡ್ಡಗಳೂ ಅಷ್ಟರಮಟ್ಟಿಗೆ ಸಿದ್ಧವಾಗಿರುತ್ತವೆ.